ಅತ್ತರು ಹಚ್ಚಿದ ಎರಡು ಬೆರಳು

ಹುಮನಾಬಾದಿನ ಹಿರಿಯ ಹಲ್ಲಿನ ಡಾಕ್ಟರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ, ಅವರ ನೆನಪಿಗೆ ಒಂದು ಸಂಚಿಕೆ ತರುತ್ತೇವೆಂದು ಆ ಊರಿನ ಮೂವರು ದೊಡ್ಡ ಮನುಷ್ಯರು ಬಸವಕಲ್ಯಾಣದ ನನ್ನ ದವಾಖಾನೆಗೆ ಬಂದು ಕೂತರು.

"ನೀವು ಅವರ ಕೈಯಾಗ ತಯಾರಾದವರು. ನಾಕು ಛಲೋ ಮಾತು ಬರದು ಕೊಡ್ರಿ ಡಾಕ್ಟರ್ ಸಾಬ್" ಎಂದರು.

ಅವರ ಕೈಕೆಳಗೆ ಇದ್ದದ್ದು ನಿಜ, ತಯಾರಾದದ್ದು ಸುಳ್ಳು. ಚಹಾ ಕುಡಿಸಿ, ಬರೆಯುತ್ತೇನೆ ಎಂದು ಹೇಳಿ ಕಳಿಸಿದೆ. ಬರೆದಿದ್ದೇನೆ. ಇದನ್ನು ಅವರು ಅಚ್ಚು ಹಾಕಿಸುವುದಿಲ್ಲ ಎಂದು ನನಗೆ ಗೊತ್ತು. ತೀರಿಹೋದವರನ್ನು ಆಡಿಕೊಳ್ಳಬಾರದು ಎಂಬ ಮರ್ಯಾದೆಯೂ ಗೊತ್ತು. ಆದರೆ ಆ ಮನುಷ್ಯ ಬದುಕಿದ್ದಾಗಲೂ ನನಗೆ ಬೇಡವಾದವರು, ಈಗಲೂ ಬೇಡವಾದವರೇ. ಸತ್ತಮಾತ್ರಕ್ಕೆ ಎಲ್ಲರೂ ಒಳ್ಳೆಯವರಾಗುವುದಾದರೆ, ಬದುಕಿದ್ದಾಗ ಒಳ್ಳೆಯವರಾಗಿರುವ ತೊಂದರೆಯನ್ನು ಯಾರು ತಗೊಂಡಾರು?

ನಾನು ಹೈದರಾಬಾದಿನಲ್ಲಿ ಓದು ಮುಗಿಸಿ ಅವರ ಬಳಿ ಸೇರಿದ್ದು ಎಪ್ಪತ್ತರ ದಶಕದ ಮೊದಮೊದಲು. ನಮ್ಮದು ದುಬಲಗುಂಡಿಯ ಒಕ್ಕಲುತನದ ಮನೆ. ನನ್ನ ಹತ್ತಿರ ಡಿಗ್ರಿ ಇತ್ತು, ರೋಗಿಯನ್ನು ಕೂರಿಸಲು ಕುರ್ಚಿ ಇರಲಿಲ್ಲ. ಅವರದು ತಿರುವುಮುರುವು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಯಾವುದೋ ದಂತವೈದ್ಯರ ಬಳಿ ಕೈಕೆಲಸ ಕಲಿತು, ಆಮೇಲೆ ಅನುಭವದ ಮೇಲೆ ನೋಂದಣಿ ಮಾಡಿಸಿಕೊಂಡವರು ಅವರು. ಅದಕ್ಕೆ ನನ್ನ ತಕರಾರಿಲ್ಲ, ಆಗ ಎಷ್ಟೋ ಜನ ಹಾಗೇ ಡಾಕ್ಟರಾದರು. ಬಾಗಿಲ ಮೇಲಿನ ಬೋರ್ಡು ಮೊದಲು ಉರ್ದುವಿನಲ್ಲಿತ್ತಂತೆ. ಐವತ್ತಾರರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಅದರ ಮೇಲೇ ಕನ್ನಡ ಬರೆಸಿದರು. ನಾನು ಹೋಗುವ ಹೊತ್ತಿಗೆ ಬಣ್ಣ ಸುಲಿದು ಎರಡೂ ಬೆರೆತು ಯಾವುದನ್ನೂ ಓದಲು ಬರುತ್ತಿರಲಿಲ್ಲ. ಓದುವ ಗರಜೂ ಯಾರಿಗೂ ಇರಲಿಲ್ಲ. ಗಲ್ಲಕ್ಕೆ ಕೈ ಹಿಡಿದು ಬಸ್ಸಿನಿಂದ ಇಳಿದವರನ್ನು ಟಾಂಗಾದವನು ಏನೂ ಕೇಳದೆ ಅಲ್ಲಿಗೇ ತಂದು ಇಳಿಸುತ್ತಿದ್ದ.

ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಗೆ ಢಾಳಾಗಿ ವಿಭೂತಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ನೋಡಲು ಚೆಂದದ ಆಳು, ಅದು ಅವರಿಗೂ ಗೊತ್ತಿತ್ತು. ರೋಗಿಯ ಬಾಯಿಗೆ ಕೈ ಹಾಕುವ ಮುಂಚೆ ಹೆಬ್ಬೆರಳಿಗೂ ತೋರುಬೆರಳಿಗೂ ಒಂದೊಂದು ತೊಟ್ಟು ಅತ್ತರು ತಿಕ್ಕಿಕೊಳ್ಳುತ್ತಿದ್ದರು. ಸುತ್ತಲ ಹಳ್ಳಿಗಳ ಎಷ್ಟೋ ಜನಕ್ಕೆ ಇವತ್ತಿಗೂ ಹಲ್ಲುನೋವು ಎಂದರೆ ಅತ್ತರಿನ ರುಚಿ ನೆನಪಾಗುತ್ತದೆ. ಕೈ ತೊಳೆಯುತ್ತಿರಲಿಲ್ಲವೇ ಎಂದರೆ ತೊಳೆಯುತ್ತಿದ್ದರು, ಬೆಳಿಗ್ಗೆ ಬಂದ ಕೂಡಲೇ ಒಮ್ಮೆ. ಅತ್ತರು ಯಾಕೆ ಎಂದು ಸೇರಿದ ಹೊಸದರಲ್ಲಿ ಕೇಳಿದ್ದೆ.

"ಬಾಯಿ ನಾತ ನನಗ ಆಗಿಬರಂಗಿಲ್ಲ" ಎಂದರು.

ಹಲ್ಲಿನ ಡಾಕ್ಟರು ಆಡುವ ಮಾತೇ ಇದು! ವಸಡಿನ ರೋಗ ಮೊದಲು ತನ್ನ ಸುದ್ದಿ ಮುಟ್ಟಿಸುವುದೇ ಆ ನಾತದಿಂದ. ಇವರು ಅದನ್ನು ಮೂಗಿಗೆ ಬಾರದಂತೆ ಮಾಡಿಕೊಂಡು ಕೆಲಸ ಶುರು ಮಾಡುತ್ತಿದ್ದರು.

ಹಲ್ಲು ಕೀಳುವುದರಲ್ಲಿ ಮಾತ್ರ ಅವರ ಸರಿಸಮ ನಿಲ್ಲುವವರನ್ನು ನಾನು ಹೈದರಾಬಾದಿನಲ್ಲೂ ಕಾಣಲಿಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ಬರೆಯಬೇಕು. ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಇಕ್ಕಳ ಯಾವಾಗ ಬಾಯಿಯೊಳಗೆ ಹೋಯಿತು ಎನ್ನುವುದೂ ಕಾಣುತ್ತಿರಲಿಲ್ಲ. ಊರಿನ ಸುದ್ದಿ ಕೇಳುತ್ತಲೇ ಮಣಿಕಟ್ಟು ಒಮ್ಮೆ ತಿರುವಿದರೆ ಮುಗಿಯಿತು. "ಇರುವಿ ಕಚ್ಚಿದಂಗೂ ಆಗಲಿಲ್ಲರಿ" ಎಂದು ಜನ ಕೈಮುಗಿದು ಹೋಗುತ್ತಿದ್ದರು. ಕೈ ಇಷ್ಟು ಚೆನ್ನಾಗಿದ್ದ ಮನುಷ್ಯ ತಲೆಗೆ ಕೆಲಸ ಕೊಡುವ ಗೋಜಿಗೇ ಹೋಗಲಿಲ್ಲ.

ಎಲ್ಲರಿಗೂ ಅವರದು ಒಂದೇ ಪ್ರಶ್ನೆ. "ಬ್ಯಾನಿ ಬೇಕೋ, ಹಲ್ಲು ಬೇಕೋ?" ನೋವಿನಿಂದ ಮೂರು ದಿನ ನಿದ್ದೆಗೆಟ್ಟು ಬಂದ ಮನುಷ್ಯ ಏನು ಹೇಳಿಯಾನು? "ಕಿತ್ತ ಒಗೀರಿ ಸಾಹೇಬ್ರ" ಎನ್ನುತ್ತಿದ್ದ. ಎರಡನ್ನೂ ಬಿಟ್ಟು ಮೂರನೆಯ ದಾರಿಯೊಂದು ಇದೆ, ನೋವನ್ನು ಕಳೆದು ಹಲ್ಲನ್ನು ಉಳಿಸಬಹುದು ಎಂದು ಆ ಕುರ್ಚಿಯಲ್ಲಿ ಕೂತ ಯಾರಿಗೂ ಅವರು ಹೇಳಿದ್ದನ್ನು ನಾನು ಕೇಳಲಿಲ್ಲ.

ಅವರ ಇನ್ನೊಂದು ಆಟವಿತ್ತು. ಹಳ್ಳಿಯಿಂದ ಒಬ್ಬರಿಗೆ ಹಲ್ಲು ನೋವೆಂದರೆ ಮನೆಮಂದಿಯೆಲ್ಲ ಜೊತೆಗೆ ಬರುತ್ತಿದ್ದರು. ಇವರು ಅವರನ್ನೆಲ್ಲ ಕುರ್ಚಿಯ ಸುತ್ತ ನಿಲ್ಲಿಸಿಕೊಂಡು, ಅತ್ತರಿನ ಆ ಎರಡು ಬೆರಳಿನಿಂದ ಹಲ್ಲನ್ನು ಹಿಡಿದು ಹಿಂದೆ ಮುಂದೆ ಆಡಿಸಿ, "ನೋಡ್ರಿ, ಅಲ್ಲಾಡಾಕತ್ತದ. ನೀವೂ ಹಿಡದು ನೋಡ್ರಿ ಬೇಕಾದ್ರ" ಎನ್ನುತ್ತಿದ್ದರು. ಮಾವ ಹಿಡಿದು ನೋಡುತ್ತಿದ್ದ, ಭಾವ ಹಿಡಿದು ನೋಡುತ್ತಿದ್ದ. ಹಾಗೆ ಎಲ್ಲರೂ ಸೇರಿ ಜಗ್ಗಿದರೆ ಕಲ್ಲಿನಂಥ ಹಲ್ಲೂ ಅಲ್ಲಾಡೀತು. ಹಲ್ಲು ಅಲ್ಲಾಡುವುದು ಕಣ್ಣಾರೆ ಕಂಡ ಮೇಲೆ ಬೇಡ ಎನ್ನುವವರು ಯಾರು?

ನಮ್ಮ ಕಡೆ ಹುಳುಕಿಗಿಂತ ವಸಡಿನ ರೋಗದ ಕಾಟವೇ ಹೆಚ್ಚು. ಹಲ್ಲಿನ ಬುಡದಲ್ಲಿ ಕೂತ ಕೊಳೆ ದಿನ ಹೋದಂತೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಅದರ ಪಕ್ಕದ ವಸಡು ಕೆಂಪಾಗಿ ಉಬ್ಬಿ, ಮುಟ್ಟಿದರೆ ರಕ್ತ ಬರುತ್ತದೆ. ರಕ್ತ ಕಂಡ ಕೂಡಲೇ ನಮ್ಮವರು ಆ ಕಡೆ ಉಜ್ಜುವುದನ್ನೇ ಬಿಡುತ್ತಾರೆ. ಹೆಚ್ಚು ಉಜ್ಜಬೇಕಾದದ್ದು ಅಲ್ಲಿಯೇ. ಹೆಂಗಸರು ಹುರಿದು ಕರ್ರಗೆ ಮಾಡಿದ ತಂಬಾಕಿನ ಪುಡಿಯನ್ನು, ಮಶೇರಿಯನ್ನು, ಅಲ್ಲಿಗೆ ಒತ್ತುತ್ತಾರೆ. ರಕ್ತ ನಿಲ್ಲುತ್ತದೆ, ಆರಾಮಾಯಿತು ಎಂದುಕೊಳ್ಳುತ್ತಾರೆ. ಒಳಗೆ ಮಾತ್ರ ರೋಗ ಹಲ್ಲನ್ನು ಹಿಡಿದ ಎಲುಬನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ. ಇದನ್ನು ಬಂದವರಿಗೆಲ್ಲ ಕೂರಿಸಿಕೊಂಡು ಹೇಳುವುದು ಡಾಕ್ಟರನ ಅರ್ಧ ಕೆಲಸ, ಕಿಟ್ಟವನ್ನು ಕೆರೆದು ತೆಗೆಯುವುದು ಉಳಿದರ್ಧ. ನನ್ನ ಗುರುಗಳಿಗೆ ಎರಡಕ್ಕೂ ಪುರಸೊತ್ತಿರಲಿಲ್ಲ.

ನಾನು ಹಠ ಹಿಡಿದು ಕೆಲವರಿಗೆ ಹಲ್ಲು ಶುಚಿ ಮಾಡತೊಡಗಿದೆ. ಮೊದಲ ಕೆಲವರಲ್ಲಿ ಒಬ್ಬ ಅರಿವೆ ಅಂಗಡಿಯ ಯಜಮಾನ. ವರ್ಷಗಟ್ಟಲೆಯ ಕಿಟ್ಟ ತೆಗೆದು, ಉಪ್ಪುನೀರು ಮುಕ್ಕಳಿಸಲು ಹೇಳಿ ಕಳಿಸಿದೆ. ಉಬ್ಬಿದ ವಸಡು ಇಳಿದಾಗ ಹಲ್ಲುಗಳ ನಡುವೆ ಸಂದಿ ಕಾಣುವುದು ಸಹಜ. ಕಿಟ್ಟದ ಆಸರೆ ಹೋದದ್ದಕ್ಕೆ ಕೆಲ ದಿನ ಹಲ್ಲು ಸಡಿಲವಾದಂತೆಯೂ ಅನ್ನಿಸುತ್ತದೆ, ವಸಡು ಬಿಗಿಯಾದಂತೆ ಅದು ಸರಿಹೋಗುತ್ತದೆ. ಇದನ್ನೂ ಹೇಳಿಯೇ ಕಳಿಸಿದ್ದೆ. ಆತ ಕೇಳಿಸಿಕೊಂಡಿರಲಿಲ್ಲ. ವಾರದೊಳಗೆ ಬಂದು, "ಹಲ್ಲಿನ ನಡುವ ಗಾಳಿ ಆಡಾಕತ್ತದರಿ! ಏನ ಮಾಡಿಟ್ರಿ ನೀವು?" ಎಂದು ರಂಪ ಮಾಡಿದ.

ಹಿರಿಯರು ಒಳಗಿನಿಂದ ಬಂದರು. ದವಾಖಾನೆ ತುಂಬ ಜನ ಕೂತಿದ್ದರು. ಎಲ್ಲರಿಗೂ ಕೇಳುವಂತೆ ನಕ್ಕು, "ನಮ್ಮ ಸಣ್ಣ ಡಾಕ್ಟರು ಗ್ವಾಡಿ ನಡುವಿನ ಗಾರೆ ಕೆಡವ್ಯಾರ. ಇನ್ನ ಗ್ವಾಡಿ ಹ್ಯಾಂಗ ನಿಂದರಬೇಕು?" ಎಂದರು.

ಆ ಮಾತು ಬಸ್ಸು ಹತ್ತಿ ಊರೂರಿಗೆ ಹೋಯಿತು. ಸಣ್ಣ ಡಾಕ್ಟರ ಹತ್ತಿರ ಹಲ್ಲು ತೊಳೆಸಿದರೆ ಹಲ್ಲು ಉದುರುತ್ತವೆ ಎಂದು ನನ್ನ ಸ್ವಂತ ಊರಿನವರೇ ನನಗೆ ಹೇಳಿದರು. ಹಿರಿಯರು ತಮಾಷೆಗೆ ಅಂದಿದ್ದರು ಎಂದು ಆಮೇಲೆ ಎಷ್ಟೋ ಜನ ಸಮಾಧಾನ ಹೇಳಿದ್ದಾರೆ. ಅಂಥ ತಮಾಷೆಯನ್ನು ನಾನು ಅವರಿಗೆ ಎಂದೂ ಮಾಫ್ ಮಾಡಿಲ್ಲ.

ಕಿಟಕಿಯಲ್ಲಿ ಒಂದು ಗಾಜಿನ ಭರಣಿ ಇತ್ತು. ಕಿತ್ತ ಹಲ್ಲುಗಳನ್ನು ತೊಳೆದು ಅದರಲ್ಲಿ ಹಾಕಿಡುತ್ತಿದ್ದರು, ಹೆಮ್ಮೆಗೆ. ಒಂದು ಮಧ್ಯಾಹ್ನ ನಾನು ಅದನ್ನು ಪತ್ರಿಕೆಯ ಮೇಲೆ ಸುರುವಿದೆ. ಕಿತ್ತ ಹಲ್ಲಿನ ಬೇರು ಸುಳ್ಳು ಹೇಳುವುದಿಲ್ಲ. ಕಿಟ್ಟ ಬೇರಿನ ಮೇಲೆ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಯವರೆಗೆ ವಸಡು ಕೈಬಿಟ್ಟಿದೆ ಎಂದರ್ಥ, ಅದರ ಕೆಳಗಿನದು ಇನ್ನೂ ಗಟ್ಟಿಯಾಗಿ ಹಿಡಿದದ್ದು. ಕೆಲವು ತುದಿಯವರೆಗೂ ಕಪ್ಪಾಗಿದ್ದವು, ಅವುಗಳನ್ನು ಕೀಳದೆ ಗತಿ ಇರಲಿಲ್ಲ. ಆದರೆ ಎಷ್ಟೊಂದು ಹಲ್ಲುಗಳ ಬೇರು ಬಿಳುಪಾಗಿ ಚೊಕ್ಕವಾಗಿತ್ತು! ಹಾಗಿದ್ದವನ್ನು ಬೇರೆ ಮಾಡಿ ಅವರ ಮುಂದೆ ಇಟ್ಟೆ. ಇವೆಲ್ಲ ಉಳಿಯುತ್ತಿದ್ದವು, ಮೂರು ನಾಲ್ಕು ಸಲ ಕರೆಸಿ ಶುಚಿ ಮಾಡಿದ್ದರೆ ಸಾಕಿತ್ತು ಎಂದೆ. ಅವರು ಒಂದನ್ನೂ ಕೈಗೆತ್ತಿಕೊಳ್ಳಲಿಲ್ಲ.

"ಸಣ್ಣ ಡಾಕ್ಟರ, ನಿಮ್ಮ ಪುಸ್ತಕದಾಗಿನ ಹಲ್ಲಿಗಿ ಬಸ್ಸಿನ ಟೈಮ್ ಇರಂಗಿಲ್ಲ. ಇವರು ಒಮ್ಮೆ ಬರತಾರ, ಸಂಜಿ ಬಸ್ಸಿಗಿ ಹೋಗತಾರ. ಮತ್ತ ಬರಂಗಿಲ್ಲ. ನಾ ಏನ ಮಾಡ್ಲಿ?"

ಅದರಲ್ಲಿ ಸ್ವಲ್ಪ ನಿಜವಿತ್ತು. ಅದಕ್ಕೇ ಅದು ನನ್ನನ್ನು ಅಷ್ಟು ಕೆರಳಿಸಿತು. ಮತ್ತೆ ಬನ್ನಿ ಎಂದು ಒಮ್ಮೆಯಾದರೂ ಹೇಳಿ ನೋಡಿದ ಮೇಲೆ ಆಡಬೇಕಾದ ಮಾತು ಅದು.

ಇನ್ನು ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಆಕೆಯನ್ನು ಹಳ್ಳಿಖೇಡಕ್ಕೆ ಕೊಟ್ಟಿತ್ತು, ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಬಸುರಿ ತಂಗಿಯ ಕುಬಸಕ್ಕೆ ನಾನು ಹೋದಾಗ ಆಕೆಯ ಮೇಲಿನ ಮುಂದಿನ ಹಲ್ಲುಗಳ ಸುತ್ತ ವಸಡು ಉಬ್ಬಿ ರಕ್ತ ಬರುತ್ತಿತ್ತು. ಬಸುರಿಯರಲ್ಲಿ ಇದು ಆಗುತ್ತದೆ, ಹೆರಿಗೆಯಾದ ಮೇಲೆ ತಾನಾಗಿ ಇಳಿಯುತ್ತದೆ, ಮೆತ್ತಗೆ ಉಜ್ಜುತ್ತಿರು, ಅಂಜಬೇಡ ಎಂದು ಹೇಳಿ ಬಂದೆ. ನಮ್ಮ ಅವ್ವ ಇರಲಿಲ್ಲ, ಹಾಗಾಗಿ ಚೊಚ್ಚಲ ಬಾಣಂತನವೂ ಗಂಡನ ಮನೆಯಲ್ಲೇ ಆಯಿತು. ನಮ್ಮ ಕಡೆ ಬಾಣಂತಿ ಸವ್ವಾ ತಿಂಗಳು, ಅಂದರೆ ಒಂದೂಕಾಲು ತಿಂಗಳು, ಹಲ್ಲು ಉಜ್ಜುವಂತಿಲ್ಲ. ಬಾಣಂತಿಯ ಮೈಯೆಲ್ಲ ಹಸಿ, ಹಲ್ಲೂ ಹಸಿ, ಉಜ್ಜಿದರೆ ಸಡಿಲವಾಗುತ್ತವೆ ಎಂದು ನಂಬಿಕೆ. ಹೊತ್ತುಹೊತ್ತಿಗೆ ತಿನ್ನಿಸುವುದು ಮಾತ್ರ ಬೆಲ್ಲದ ಪಾಕದ ಅಂಟಿನುಂಡೆ, ಹಲ್ಲಿಗೆ ಕೂತರೆ ಏಳುವುದಿಲ್ಲ. ಇಳಿಯಬೇಕಿದ್ದ ವಸಡು ಇನ್ನಷ್ಟು ಉಬ್ಬಿತು.

ತೊಟ್ಟಿಲ ಕಾರ್ಯಕ್ಕೆ ಹೋದಾಗ ಬಾಗಿಲಿನಿಂದಲೇ ನೋಡಿದೆ. ಆಕೆಯ ಅತ್ತೆಗೆ, "ಸವ್ವಾ ತಿಂಗಳು ಮುಗಿದ ಕೂಡಲೆ ಕರಕೊಂಡು ಬರ್ರಿ ಅತ್ತಿ, ನಾನ ಸಾಫ್ ಮಾಡಿ ಕೊಡ್ತೀನಿ" ಎಂದೆ. ಮುದುಕಿ ತಲೆಯಾಡಿಸಿದಳು. ಆದರೆ ಸಾಫ್ ಎನ್ನುವ ಮಾತು ಕೇಳಿ ಆಕೆ ಅಂಜಿದ್ದಳು. ಗೋಡೆ, ಗಾರೆಯ ಕಥೆ ಹಳ್ಳಿಖೇಡಕ್ಕೂ ಮುಟ್ಟಿತ್ತು. ಸೊಸೆಯ ಹಲ್ಲು ನನ್ನ ಕೈಯಲ್ಲಿ ಹಾಳಾಗಬಾರದು ಎಂದು ಆಕೆ ಗುರುವಾರವನ್ನೇ ಹುಡುಕಿ ಹುಮನಾಬಾದಿಗೆ ಕರೆದುಕೊಂಡು ಬಂದಳು. ಗುರುವಾರ ಹಿರಿಯರು ನನ್ನನ್ನು ಬಸವಕಲ್ಯಾಣಕ್ಕೆ ಕಳಿಸುತ್ತಿದ್ದರು, ಅಲ್ಲಿ ಕಿಲ್ಲೆಯ ಕಡೆ ಹೋಗುವ ದಾರಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಯಾರ ಪೈಕಿ ಎಂದು ಮುದುಕಿ ಹೇಳಲಿಲ್ಲ. ಹೇಳಿದರೆ ನಿಮ್ಮ ಬೀಗರು ನಾಳೆ ಬರುತ್ತಾರೆ, ಆಗ ಬನ್ನಿ ಎಂದು ಹಿಂದಕ್ಕೆ ಕಳಿಸಿಯಾರು ಎಂದು ಅಂಜಿಕೆ. ಮೂಗಿನವರೆಗೆ ಸೆರಗು ಎಳೆದುಕೊಂಡ ನನ್ನ ತಂಗಿ ಅತ್ತೆಯ ಮುಂದೆ ಬಾಯಿ ಬಿಡುವವಳಲ್ಲ. ಬಾಯಿ ಬಿಟ್ಟದ್ದು ಆ ಕುರ್ಚಿಯ ಮೇಲೆಯೇ.

ಮೇಲಿನ ಮುಂದಿನ ನಾಲ್ಕೂ ಹಲ್ಲು ಕಿತ್ತರು.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಸೊಸೆಗೆ ಒಳ್ಳೆಯದಾಗಲೆಂದೇ ಬಂದಳು. ಆಕೆಯ ತಲೆಯಲ್ಲಿ ಆ ಅಂಜಿಕೆ ತುಂಬಿದವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಮರುದಿನ ಬೆಳಿಗ್ಗೆ ನಾನು ಹುಮನಾಬಾದಿನಲ್ಲಿ ಬಸ್ಸಿನಿಂದ ಇಳಿಯುವಾಗ ತಂಗಿಯ ಗಂಡ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. ವಿಷಯ ಕೇಳಿ ನೇರ ದವಾಖಾನೆಗೆ ಹೋದೆ. ಭರಣಿಯ ಮೇಲ್ಗಡೆ ಆ ನಾಲ್ಕು ಹಲ್ಲು ಇದ್ದವು. ಬೇರಿನ ಮೇಲೆ ಒಂದು ಚುಕ್ಕೆ ಕಿಟ್ಟವಿರಲಿಲ್ಲ. ಎಲುಬಿಗೆ ಏನೂ ಆಗಿರಲಿಲ್ಲ, ವಸಡು ಉಬ್ಬಿತ್ತು ಅಷ್ಟೇ. ಅವನ್ನು ಅಂಗೈಯಲ್ಲಿ ಹಿಡಿದು ಅವರೆದುರು ನಿಂತೆ.

"ನಿನ್ನಿ ಹಳ್ಳಿಖೇಡದಿಂದ ಬಂದ ಬಾಣಂತಿದು ಇವು. ಯಾಕ ಕಿತ್ರಿ?"

"ಯಾಕ? ನಿಮಗೇನ ಆಗಬೇಕು ಆಕಿ?"

"ತಂಗಿ."

ಅವರು ಅತ್ತರಿನ ಬುಡ್ಡಿ ತೆಗೆದು ಬೆರಳಿಗೆ ಹಚ್ಚಿಕೊಂಡರು, ಎದುರಿಗೆ ರೋಗಿ ಯಾರೂ ಇರಲಿಲ್ಲ. ಆಮೇಲೆ, "ಒಸಡಿನಾಗ ಪೈರಿಯಾ ಇತ್ತು. ನಾಕೂ ಅಲ್ಲಾಡಾಕತ್ತಿದ್ವು. ಬಿಟ್ಟಿದ್ರ ಬಾಜೂದವನ್ನೂ ಕೆಡಸ್ತಿದ್ವು" ಎಂದರು.

ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಕೊನೆಗೆ, "ನಿಮಗ ಏನೂ ತಿಳಿಯಂಗಿಲ್ಲ, ತಿಳಕೊಳ್ಳೋ ಮನಸ್ಸೂ ಇಲ್ಲ" ಎಂದು ಹೇಳಿ ನನ್ನ ಸಾಮಾನು ತೆಗೆದುಕೊಂಡು ಹೊರಬಿದ್ದೆ. ಬಸವಕಲ್ಯಾಣದಲ್ಲಿ ಸ್ವಂತ ದವಾಖಾನೆ ಹಾಕಿದೆ. ಬಂದವರಿಗೆ ಮತ್ತೆ ಬನ್ನಿ ಎಂದೆ. ಬಹಳ ಜನ ಬರಲಿಲ್ಲ, ಕೆಲವರು ಬಂದರು. ಹಾಗೆ ಬಂದವರ ಹಲ್ಲು ಇವತ್ತಿಗೂ ಬಾಯಲ್ಲೇ ಇವೆ.

ತಂಗಿಗೆ ತೆಗೆದು ಹಾಕುವ ಹಲ್ಲು ಮಾಡಿಸಿಕೊಟ್ಟೆ. ಮಾತಿಗೆ, ಮುಖಕ್ಕೆ ಅದು ಸಾಕು. ಆದರೆ ಸುತ್ತಮುತ್ತ ಎಲ್ಲ ಕಬ್ಬು ಬೆಳೆಯುವ ಊರಿನಲ್ಲಿದ್ದು ಆಕೆ ಆಮೇಲೆ ಕಬ್ಬನ್ನು ಹಲ್ಲಿನಿಂದ ಸಿಗಿದು ತಿನ್ನಲಿಲ್ಲ. ಮಕ್ಕಳು ಚಾಕುವಿನಿಂದ ಸಣ್ಣ ಹೋಳು ಮಾಡಿ ಕೊಟ್ಟರೆ ದವಡೆಗೆ ಇಟ್ಟುಕೊಳ್ಳುತ್ತಾಳೆ. ಅದನ್ನು ಕಂಡಾಗಲೆಲ್ಲ ನನಗೆ ಆ ಮನುಷ್ಯನ ಬಿಳಿ ಶರ್ಟು ಕಣ್ಣಮುಂದೆ ಬರುತ್ತದೆ.

ಹತ್ತು ಹನ್ನೆರಡು ವರ್ಷ ಅವರ ಮುಖ ನೋಡಲಿಲ್ಲ. ಎರಡು ವರ್ಷದ ಹಿಂದೆ ಒಂದು ದಿನ ಅವರೇ ನನ್ನ ದವಾಖಾನೆಯ ಬಾಗಿಲಲ್ಲಿ ನಿಂತಿದ್ದರು. ಅರವತ್ತೈದು ದಾಟಿತ್ತು. ಬಾಯಿಗೆ ಕರವಸ್ತ್ರ ಹಿಡಿದಿದ್ದರು. ವಸಡಿನಿಂದ ರಕ್ತ, ಕೆಳಗಿನ ಮುಂದಿನ ಹಲ್ಲು ಸಡಿಲ. ಹುಮನಾಬಾದಿನಲ್ಲಿ ಯಾರಿಗೂ ತಿಳಿಯಬಾರದೆಂದು ಇಲ್ಲಿಯವರೆಗೆ ಬಂದಿದ್ದರು. ಕುರ್ಚಿಯಲ್ಲಿ ಕೂತವರು ನನ್ನ ಕೈ ಹಿಡಿದುಕೊಂಡು, "ಕೀಳಬ್ಯಾಡ್ರಿ. ಸಾಫ್ ಮಾಡ್ರಿ, ಎಷ್ಟು ಸಲ ಬಾ ಅಂದ್ರೂ ಬರತೀನಿ" ಎಂದರು.

ಹಿಂದಕ್ಕೆ ಕಳಿಸಬಹುದಿತ್ತು. ಕಳಿಸಬೇಕೆಂದೂ ಅನ್ನಿಸಿತು. ಆದರೆ ರೋಗಿಯನ್ನು ಹಿಂದಕ್ಕೆ ಕಳಿಸಿದರೆ ನಾನು ಯಾವ ಬಾಯಲ್ಲಿ ಅವರನ್ನು ಬೈಯಲಿ? ವಾರಕ್ಕೊಮ್ಮೆ ಕರೆಸಿ ಶುಚಿ ಮಾಡಿದೆ. ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋದರು, ಒಂದು ವಾರವೂ ತಪ್ಪಿಸಲಿಲ್ಲ. ವಸಡು ಬಿಗಿಯಾಯಿತು, ಹಲ್ಲು ನಿಂತವು. ಕೊನೆಯ ಸಲ ಕನ್ನಡಿಯಲ್ಲಿ ಬಾಯಿ ನೋಡಿಕೊಂಡು ಬಹಳ ಖುಷಿಯಾದರು. ಉಪಕಾರಕ್ಕೆ ಏನಾದರೂ ಹಿಂದಿರುಗಿಸಬೇಕು ಎನ್ನುವವರ ಹಾಗೆ ನನ್ನತ್ತ ತಿರುಗಿದರು.

"ಒಂದ ಮಾತು ಮನಸ್ಸಿನಾಗ ಉಳದದ. ಆಕಿ ನಿಮ್ಮ ತಂಗಿ ಅಂತ ಅವತ್ತ ನನಗ ಮಾಲುಮ್ ಇದ್ದಿದ್ದಿಲ್ಲ. ಗೊತ್ತಿದ್ರ ಹಂಗ ಮಾಡ್ತಿದ್ದಿಲ್ಲ, ಖರೇ ಹೇಳ್ತೀನಿ."

"ಗೊತ್ತಿದ್ರ ಏನ ಮಾಡ್ತಿದ್ರಿ?" ಎಂದೆ.

"ಏನದ ಅದರಾಗ? ಉಪ್ಪುನೀರು ಮುಕ್ಕಳಸು ಅಂತ ಹೇಳಿ ಕಳಸ್ತಿದ್ದೆ. ಬಾಣಂತಿ ಒಸಡು ಉಬ್ಬಿದ್ದು ಎರಡು ತಿಂಗಳಿನಾಗ ತಾನ ಇಳೀತದ. ಅಷ್ಟೂ ಗೊತ್ತಿಲ್ಲೇನು ನನಗ?"

ಇಷ್ಟು ವರ್ಷ ನಾನು ಅವರನ್ನು ತಿಳಿಯದವರೆಂದು ದ್ವೇಷಿಸಿದ್ದೆ. ತಿಳಿಯದವರನ್ನು ದ್ವೇಷಿಸುವುದು ಸುಲಭ, ಅದರಲ್ಲಿ ಒಂದು ನೆಮ್ಮದಿಯೂ ಇರುತ್ತದೆ. ಅವತ್ತು ಅದೂ ಹೋಯಿತು. ಅವರು ಇದನ್ನೇ ಕ್ಷಮಾಪಣೆ ಎಂದುಕೊಂಡಿದ್ದರು, ಮುಖದಲ್ಲಿ ಭಾರ ಇಳಿದ ಸಮಾಧಾನ ಕಾಣುತ್ತಿತ್ತು. ನಾನು ಕೈ ತೊಳೆಯಲು ಒಳಗೆ ಹೋದವನು ಅವರು ಹೋಗುವವರೆಗೆ ಹೊರಗೆ ಬರಲಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ವಾರ ಹಳ್ಳಿಖೇಡಕ್ಕೆ ಹೋಗಿ ತಂಗಿಗೆ ಹೇಳಿದೆ. ಆಕೆಗೂ ನನ್ನಷ್ಟೇ ಸಿಟ್ಟು ಬರುತ್ತದೆ, ಇಬ್ಬರೂ ಕೂತು ಹೊಟ್ಟೆ ತುಂಬ ಬೈಯಬಹುದು ಎಂದುಕೊಂಡಿದ್ದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಅವತ್ತ ನನ್ನ ಬಾಜೂಕ ಕೊಡಂಬಲದಾಕಿ ಒಬ್ಬಾಕಿ ಕುಂತಿದ್ಲಣ್ಣಾ" ಎಂದಳು. "ಆಕಿನೂ ಹಸಿ ಬಾಣಂತಿ, ನನಗಿಂತ ಸಣ್ಣಾಕಿ. ಮೊದಲ ಆಕಿನ್ನ ಒಳಗ ಕರದ್ರು. ಹೊರಗ ಬಂದಾಗ ಬಾಯಿಗಿ ಅರಿವಿ ಒತ್ತಿ ಹಿಡದು ನನ್ನ ಮಾರಿನ ನೋಡಾಕತ್ತಿದ್ಲು."

ಆಮೇಲೆ ನನ್ನನ್ನೇ ನೋಡುತ್ತ ಕೇಳಿದಳು:

"ಆಕಿ ಹಲ್ಲು ಉಳೀಬೇಕಂದ್ರ ಆಕಿ ಯಾರ ತಂಗಿ ಆಗಿರಬೇಕಿತ್ತಣ್ಣಾ?"